ನೀಲಿ ಕಂಬದ ಮಹಿಮೆ

ಕಾರವಾರದ ಒಂದು ಕಾಲೇಜಿಗೆ ನೀಲಿ ಕಂಬ ಬಂದಿದೆ. ಯಾವ ಕಾಲೇಜೆಂದು ಹೇಳುವುದಿಲ್ಲ. ಹೇಳಿದರೆ ಉಳಿದವರೂ ನಾಳೆಯೇ ಟೆಂಡರ್ ಕರೆದಾರು. ಕಂಬದ ನೆತ್ತಿಯಲ್ಲಿ ನೀಲಿ ದೀಪ, ಎದೆಯಲ್ಲಿ ಕೆಂಪು ಗುಂಡಿ. ಒತ್ತಿದರೆ ಸುರಕ್ಷತೆ ಓಡಿ ಬರುತ್ತದೆ ಎಂದು ಉದ್ಘಾಟನೆಗೆ ಬಂದ ಮುಖ್ಯ ಅತಿಥಿಗಳು ಹೇಳಿದರು, ಒತ್ತಿಯೂ ತೋರಿಸಿದರು. ದೀಪ ಮಿನುಗಿತು, ಚಪ್ಪಾಳೆ ಬಿತ್ತು, ಉಪ್ಪಿಟ್ಟು ಕೇಸರಿಬಾತ್ ಖಾಲಿಯಾಯಿತು.

ಹುಡುಗಿಯರು ಕೇಳಿದ್ದು ಹಾಸ್ಟೆಲ್ ದಾರಿಗೆ ಎರಡು ಬಲ್ಬು. ಬಲ್ಬಿಗೆ ಯಾವ ಮುಖ್ಯ ಅತಿಥಿ ಬರುತ್ತಾರೆ?

ಕಂಬದ ತವರು ಅಮೆರಿಕ. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಗುಂಡಿ ಒತ್ತಿದರೆ ಆಚೆ ತುದಿಯಲ್ಲಿ ಮಾತಾಡಲು ಜನ ಇರುತ್ತಾರೆ, ಎಷ್ಟೋ ಕಡೆ ಕ್ಯಾಂಪಸ್ಸಿನದೇ ಪೊಲೀಸರು. 1986ರಲ್ಲಿ ಜೀನ್ ಕ್ಲೆರಿ ಎಂಬ ವಿದ್ಯಾರ್ಥಿನಿ ತನ್ನ ಹಾಸ್ಟೆಲ್ ಕೋಣೆಯಲ್ಲೇ ಕೊಲೆಯಾದಳು. 1990ರಲ್ಲಿ ಬಂದ, ಈಗ ಅವಳ ಹೆಸರಿನಲ್ಲೇ ಇರುವ ಕಾನೂನಿನ ಪ್ರಕಾರ, ಸರ್ಕಾರದ ನೆರವು ಪಡೆಯುವ ಕಾಲೇಜುಗಳು ತಮ್ಮ ಅಂಗಳದ ಅಪರಾಧಗಳ ಲೆಕ್ಕವನ್ನು ವರ್ಷವರ್ಷ ಊರಿಗೆಲ್ಲ ತಿಳಿಸಬೇಕು. ನಮ್ಮವರು ಲೆಕ್ಕವನ್ನು ಅಲ್ಲೇ ಬಿಟ್ಟು ಕಂಬವನ್ನಷ್ಟೇ ತಂದರು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಕಂಬದ ಹತ್ತಿರ ಹೋಗುವವರಿಲ್ಲವೆಂದು ಅಲ್ಲಿ ಕೆಲವೆಡೆ ಅದನ್ನು ಕಿತ್ತೂ ಹಾಕಿದ್ದಾರೆ. ನಮ್ಮ ನೆಲದಲ್ಲಿ ಕಾಂಕ್ರೀಟು ಇನ್ನೂ ಹಸಿಯಿದೆ.

ಇಲ್ಲಿ ಗುಂಡಿಯ ಆಚೆ ತುದಿಯಲ್ಲಿ ಇರಬೇಕಾದವನು ರಾತ್ರಿ ವಾಚ್‌ಮನ್. ಕಂಬದ ಖರ್ಚು ಸರಿದೂಗಿಸಲು ಅವನನ್ನೇ ಬಿಡಿಸಿದರು. ಈಗ ಗುಂಡಿ ಒತ್ತಿದರೆ ಸುರಕ್ಷತಾ ಸಮಿತಿಯ ಸದಸ್ಯರಿಗೆಲ್ಲ ಮೆಸೇಜ್ ಹೋಗುತ್ತದೆ. ಕೋರಂ ಆದರೆ ರಕ್ಷಣೆ.

ಜೂನ್ ತಿಂಗಳಲ್ಲಿ ಸಮುದ್ರದ ಉಪ್ಪುಗಾಳಿ ಕಂಬದ ಗುಂಡಿಯನ್ನು ತಿಂದಿತು. ಚಿಂತೆಯಿಲ್ಲ, ಕಾಲೇಜಿನದೇ ಆ್ಯಪ್ ಇದೆಯಲ್ಲ! 2017ರಿಂದ ಮಾರುವ ಫೋನಿನಲ್ಲೆಲ್ಲ ಪ್ಯಾನಿಕ್ ಬಟನ್ ಇರಬೇಕೆಂದು ಕೇಂದ್ರದ ನಿಯಮವೇ ಇದೆ, 112 ಕೂಡ ಇದೆ. ಆದರೆ ಅವಕ್ಕೆ ಕಾಲೇಜಿನ ಲೋಗೋ ಇಲ್ಲ.

ಆ್ಯಪ್ ತೆರೆದರೆ 'ನಿಮ್ಮ ಆಪತ್ತನ್ನು ಆರಿಸಿ' ಎಂದು ಒಂದು ಪಟ್ಟಿ ಬರುತ್ತದೆ. ಬಂದೂಕುಧಾರಿ, ಸುಂಟರಗಾಳಿ, ಹಿಮಬಿರುಗಾಳಿ. ಗುಡ್ಡ ಕುಸಿತ ಇಲ್ಲ. ಅಂಕೋಲೆಯ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಹೆದ್ದಾರಿಯ ಮೇಲೇ ಇಳಿದ ಜಿಲ್ಲೆ ಇದು. ಸೇತುವೆ ಕುಸಿತವೂ ಇಲ್ಲ. ಅದೇ ವರ್ಷದ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಬಿದ್ದಾಗ ಲಾರಿ ಸಮೇತ ನೀರು ಪಾಲಾದ ಚಾಲಕ ಬದುಕಿ ಬಂದದ್ದರಲ್ಲಿ ನಮ್ಮ ಮೀನುಗಾರರ ಕೈಯಿತ್ತು. ಅವರ ದೋಣಿಗೆ ಲಾಗಿನ್ ಪಾಸ್‌ವರ್ಡ್ ಬೇಕಿರಲಿಲ್ಲ.

ಇಂಥ ಪಟ್ಟಿಯ ಮುಂದೆ ಒಂದು ರಾತ್ರಿ ಹಾಸ್ಟೆಲಿನ ಬಚ್ಚಲಲ್ಲಿ ಹಾವು ಬಂತು. ಹುಡುಗಿಯೊಬ್ಬಳು ವಾರ್ಡನ್ ಬಾಗಿಲು ಬಡಿದಳು.

"ಅಕ್ಕೋರೇ, ಹಾವು!"

"ಆ್ಯಪಿಗೆ ಹಾಕಿದ್ಯೇನೇ ತಂಗಿ?"

"ಅದ್ರಲ್ಲಿ ಹಾವು ಇಲ್ಲ ಅಕ್ಕೋರೇ."

"ಹಾಗಾದ್ರೆ ಯಾವುದು ಇದ್ಯೋ ಅದನ್ನೇ ಒತ್ತು. ನಾಳೆ ನನ್ನ ಕೇಳ್ತಾರೆ."

ಮಳೆಗೆ ಕರೆಂಟ್ ಹೋಗಿತ್ತು, ಕರೆಂಟಿನ ಹಿಂದೆಯೇ ನೆಟ್‌ವರ್ಕೂ ಹೋಗಿತ್ತು. ಹುಡುಗಿ ಟೆರೇಸು ಹತ್ತಿ, ಒಂದೇ ಒಂದು ಕಡ್ಡಿ ಸಿಗ್ನಲ್ ಹಿಡಿದು, ತಣ್ಣಗಿರುವ ಪ್ರಾಣಿಗೆ ಇದೇ ಹತ್ತಿರದ್ದೆಂದು ಹಿಮಬಿರುಗಾಳಿಯನ್ನು ಒತ್ತಿದಳು. ಅಷ್ಟರಲ್ಲಿ ಮೆಸ್ಸಿನ ಅಡುಗೆಯವಳು ಗೋಡೆಯ ಮೇಲೆ ಇದ್ದಿಲಲ್ಲಿ ಬರೆದಿಟ್ಟ ನಂಬರು ನೋಡಿ ಸ್ಥಿರ ದೂರವಾಣಿಯಿಂದ ಫೋನು ಹಚ್ಚಿಯಾಗಿತ್ತು. ಹಾವು ಹಿಡಿಯುವವ ನೆನೆದುಕೊಂಡೇ ಸ್ಕೂಟರಿನಲ್ಲಿ ಬಂದ, ಚೀಲ ಬಿಚ್ಚಿದ, ಹಿಡಿದ, ಒಂದು ಲೋಟ ಚಾ ಕುಡಿದು ಹೋದ. ಪುಣ್ಯಕ್ಕೆ ಅದು ಕೇರೆ. ವಿಷದ ಜಾತಿಯದಾಗಿ, ಕಚ್ಚಿ, ಇಲ್ಲಿಯ ಡಾಕ್ಟರು ಕೈಚೆಲ್ಲಿದ್ದರೆ ಗೋವೆಯ ಬಾಂಬೋಳಿಯೋ ಮಣಿಪಾಲವೋ ಎಂದು ಆಂಬುಲೆನ್ಸಿನಲ್ಲಿ ಕೂತು ಚರ್ಚೆ ಮಾಡಬೇಕಿತ್ತು. ಈ ಜಿಲ್ಲೆಯವರಿಗೆ ಅದು ರೂಢಿ.

ಮಾರನೇ ದಿನ ಹುಡುಗಿಯ ಫೋನಿಗೆ ಸಂದೇಶ ಬಂತು: 'ನಿಮ್ಮ ಹಿಮಬಿರುಗಾಳಿಯನ್ನು ಯಶಸ್ವಿಯಾಗಿ ನಿವಾರಿಸಲಾಗಿದೆ. ದಯವಿಟ್ಟು ಸ್ಟಾರ್ ನೀಡಿ.' ಅವಳು ಐದಕ್ಕೆ ಐದೂ ಕೊಟ್ಟಳು. ಕೊಡದಿದ್ದರೆ ಆ್ಯಪ್ ಮುಚ್ಚುವುದಿಲ್ಲ. ಅದರ ಪ್ರಿಂಟನ್ನು, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡಕ್ಕೆ ತೋರಿಸುವ ಫೈಲಿಗೆ ಸೇರಿಸಿದ್ದಾರೆ. ಹಾವನ್ನು ಪಟ್ಟಿಗೆ ಸೇರಿಸುವ ವಿಷಯ ಸಮಿತಿಯ ಮುಂದೆ ಬಂದಿತ್ತಂತೆ. ವನ್ಯಜೀವಿಯಾದ್ದರಿಂದ ಅರಣ್ಯ ಇಲಾಖೆಯ ನಿರಾಕ್ಷೇಪಣಾ ಪತ್ರ ತರಿಸಿಕೊಳ್ಳಲು ತೀರ್ಮಾನವಾಗಿದೆ.