ಐದು ಅಕ್ಷರ, ಒಂದು ಲೀಟರ್ ಹಾಲು

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಗ್ಯಾಸ್ ಒಲೆಯ ಮೇಲೆ ಒಂದು ಲೀಟರ್ ಹಾಲಿಟ್ಟು, "ಉಕ್ಕುವುದಕ್ಕೆ ಮೊದಲು ಆರಿಸಿ, ಇಷ್ಟೇ ಕೆಲಸ" ಎಂದು ಹೇಳಿ ನನ್ನಾಕೆ ಹೂ ಕೊಯ್ಯಲು ಹಿತ್ತಲಿಗೆ ಹೋದಳು. ನಿವೃತ್ತನಾದವನಿಗೆ ಒಪ್ಪಿಸಬಹುದಾದ ಅತ್ಯಂತ ಹಗುರವಾದ ಜವಾಬ್ದಾರಿ ಅದು. ಆದರೆ ನನ್ನ ಕೈಯಲ್ಲಿ ಮೊಬೈಲ್ ಇತ್ತು, ಮೊಬೈಲಿನಲ್ಲಿ ವರ್ಡಲ್ ಇತ್ತು.

ಈ ಆಟವನ್ನು ಅರಿಯದ ಪುಣ್ಯವಂತರಿಗಾಗಿ ಹೇಳುತ್ತೇನೆ: ಐದು ಅಕ್ಷರಗಳ ಒಂದು ಇಂಗ್ಲಿಷ್ ಪದವನ್ನು ಆರು ಪ್ರಯತ್ನಗಳಲ್ಲಿ ಊಹಿಸಬೇಕು. ಅಕ್ಷರ ಸರಿಯಾದ ಮನೆಯಲ್ಲಿದ್ದರೆ ಹಸಿರು, ಪದದಲ್ಲಿದ್ದೂ ಮನೆ ತಪ್ಪಿದ್ದರೆ ಹಳದಿ, ಪದದಲ್ಲೇ ಇಲ್ಲವಾದರೆ ಬೂದು. ಜಾಶ್ ವಾರ್ಡಲ್ ಎಂಬ ಎಂಜಿನಿಯರ್, ಪದಗಳ ಆಟವೆಂದರೆ ಪ್ರಾಣಬಿಡುವ ತನ್ನ ಸಂಗಾತಿ ಪಲಕ್ ಶಾ ಅವರಿಗಾಗಿ ಇದನ್ನು ಕಟ್ಟಿದರು. ಇಂಗ್ಲಿಷಿನಲ್ಲಿ ಐದಕ್ಷರದ ಪದಗಳು ಸುಮಾರು 12,000 ಇವೆಯಂತೆ. ಅಷ್ಟನ್ನೂ ಜಾಲಾಡಿ, ಜನಕ್ಕೆ ಗೊತ್ತಿರುವ ಸುಮಾರು 2,500 ಪದಗಳನ್ನು ಆಕೆಯೇ ಆರಿಸಿಕೊಟ್ಟರು. 2021ರ ಅಕ್ಟೋಬರಿನಲ್ಲಿ ಆಟ ಎಲ್ಲರಿಗೂ ಸಿಕ್ಕಿತು, 2022ರ ಜನವರಿಯ ಕೊನೆಗೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದನ್ನು ಕೊಂಡುಕೊಂಡಿತು. ಅದೇ ತಿಂಗಳು ನ್ಯೂಜೆರ್ಸಿಯಲ್ಲಿರುವ ಮಗಳು ನನಗೂ ಅದರ ರುಚಿ ಹತ್ತಿಸಿದಳು.

ಆ ಬೆಳಿಗ್ಗೆ ಮೊದಲ ಪದವಾಗಿ ಎಂದಿನಂತೆ ಫ್ರೆಂಚರ ವಿದಾಯವಾದ 'ಅಡ್ಯೂ' ಹಾಕಿದೆ. ಎ, ಐ, ಇ, ಯು ಎಂಬ ನಾಲ್ಕು ಸ್ವರಗಳನ್ನು ಒಂದೇ ಏಟಿಗೆ ವಿಚಾರಿಸಿಕೊಳ್ಳುವ ಪದವಿದು. 'ಐ' ಮಾತ್ರ ಹಳದಿಯಾಯಿತು. ಎರಡನೆಯದಾಗಿ 'ಲೈಟ್' ಎಂದು ಒತ್ತಿದರೆ ಎಲ್ ಒಂದನ್ನು ಬಿಟ್ಟು ಐ, ಜಿ, ಎಚ್, ಟಿ ನಾಲ್ಕೂ ಹಸಿರು! ಎರಡನೆಯ ಸಾಲಿಗೇ ನಾಲ್ಕು ಹಸಿರು ಬಂದಾಗ ಮನುಷ್ಯನಿಗೆ ಹಾಲಿನ ನೆನಪು ಉಳಿಯುವುದಿಲ್ಲ. ಇನ್ನು ಮೊದಲ ಅಕ್ಷರವೊಂದೇ ತಾನೆ ಎಂದು 'ನೈಟ್' ಹಾಕಿದೆ, ಅಲ್ಲ. 'ರೈಟ್' ಹಾಕಿದೆ; ರೈಟ್ ಅಲ್ಲ. 'ಸೈಟ್' ಹಾಕಿದೆ. ಅಡುಗೆಮನೆಯಲ್ಲಿ ಚುಂಯ್ ಎಂಬ ಸದ್ದು ಕೇಳಿದ್ದು ಆಗಲೇ. ಹಾಲು ಒಲೆಯ ಉರಿಯನ್ನು ತಾನೇ ಆರಿಸಿ, ಕಟ್ಟೆಯಿಂದಿಳಿದು, ಕುಕ್ಕರಿನ ಅಡಿಯಿಂದ ದಾರಿ ಮಾಡಿಕೊಂಡು ಬಚ್ಚಲಿನ ಕಡೆಗೆ ಹೊರಟಿತ್ತು. ನಾನು ಒಂದು ಕೈಯಿಂದ ಗ್ಯಾಸ್ ತಿರುಗಿಸಿ ಇನ್ನೊಂದು ಕೈಯಿಂದ 'ಮೈಟ್' ಎಂದು ಒತ್ತಿದೆ. ಅದೂ ಅಲ್ಲ. ಆರು ಸಾಲೂ ಮುಗಿದ ಮೇಲೆ ಆಟವು ಉತ್ತರವನ್ನು ತೋರಿಸಿತು: 'ಫೈಟ್'. ಹಿತ್ತಲ ಬಾಗಿಲಿನಲ್ಲಿ ಹೂಬುಟ್ಟಿ ಹಿಡಿದು ನಿಂತಿದ್ದವಳ ಮುಖದ ಮೇಲೂ ಅದೇ ಬರೆದಿತ್ತು.

ಬಾಲ್ಯದಲ್ಲಿಯೂ ನನ್ನನ್ನು ಕಾಡಿದ್ದು ಇದೇ ಜಿ ಮತ್ತು ಎಚ್. ಬರೆದಂತೆ ಓದುವ ಭಾಷೆಯಿಂದ ಬಂದ ನಾನು ಎರಡನ್ನೂ ಸೇರಿಸಿ ಘಕಾರ ಮಾಡಿ, ತರಗತಿಯಲ್ಲಿ ಎದ್ದು ನಿಂತು 'ನೈಘ್ಟ್' ಎಂದು ಗಟ್ಟಿಯಾಗಿ ಓದಿದ್ದೆ. ಮಾಸ್ತರರು ನಗಬಾರದಿತ್ತು, ಏಕೆಂದರೆ ಹಿಂದಿನ ಕಾಲದ ಇಂಗ್ಲಿಷರು ಆ ಜಾಗದಲ್ಲಿ ಗಂಟಲಿನಿಂದ ಒಂದು ಸದ್ದನ್ನು ನಿಜಕ್ಕೂ ಹೊರಡಿಸುತ್ತಿದ್ದರು. ಸದ್ದು ಹೋಯಿತು, ಅಕ್ಷರಗಳು ಮನೆ ಖಾಲಿ ಮಾಡಲಿಲ್ಲ. ಅದೇ ಮಾಸ್ತರರು 'ಕಲರ್', 'ಫೇವರ್' ಮುಂತಾದವುಗಳಲ್ಲಿ 'ಯು' ಬಿಟ್ಟರೆ ಕಿವಿ ಹಿಂಡುತ್ತಿದ್ದರು. 2022ರ ಜನವರಿ 12ರಂದು ವರ್ಡಲ್‌ನ ಉತ್ತರ 'ಯು' ಇಲ್ಲದ ಅಮೆರಿಕದ 'ಫೇವರ್' ಆಗಿದ್ದಾಗ ಬ್ರಿಟನ್ನಿನ ಜನರು ರೇಗಿದರು. ನಾನು ರೇಗಲಿಲ್ಲ, ಕಿವಿ ಮುಟ್ಟಿ ನೋಡಿಕೊಂಡೆ.

ಹಾಲಿನ ಪ್ರಕರಣಕ್ಕೆ ಮರಳುತ್ತೇನೆ. ಕಟ್ಟೆ ಒರೆಸಿ, ಬೈಸಿಕೊಂಡು, ದುಃಖ ಹಂಚಿಕೊಳ್ಳಲು ಮನೆಯವರ ವಾಟ್ಸ್ಯಾಪ್ ಗುಂಪಿನಲ್ಲಿ "ಇವತ್ತಿನ ಪದ ಫೈಟ್, ಮನೆಯಲ್ಲೂ ಅದೇ" ಎಂದು ಬರೆದೆ. ಈ ಆಟದಲ್ಲಿ ದಿನಕ್ಕೊಂದೇ ಪದ, ಎಲ್ಲರಿಗೂ ಅದೇ ಪದ, ಆದರೆ ಅದು ಅವರವರ ಊರಿನ ಮಧ್ಯರಾತ್ರಿಗೆ ಬದಲಾಗುತ್ತದೆ ಎಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ. ನಮ್ಮಲ್ಲಿ ಬೆಳಿಗ್ಗೆ ಏಳು ಗಂಟೆಯಾದರೆ ನ್ಯೂಜೆರ್ಸಿಯಲ್ಲಿ ಹಿಂದಿನ ರಾತ್ರಿಯ ಒಂಬತ್ತೂವರೆ. ಕೂಡಲೇ ಫೋನ್ ಬಂತು. "ಅಪ್ಪಯ್ಯಾ, ನನ್ನ ನಾಳೆಯ ಆಟವನ್ನು ಇವತ್ತೇ ಕೆಡಿಸಿಬಿಟ್ಟೆಯಲ್ಲ!"

ಸಿಟ್ಟು ಇಳಿದ ಮೇಲೆ ಅವಳು ಉಪಾಯವನ್ನೂ ಹೇಳಿದಳು. ಅಂಥ ಸಂದಿಗ್ಧದಲ್ಲಿ ಒಂದೊಂದೇ ಅಕ್ಷರ ಬದಲಿಸುತ್ತ ಕೂರಬಾರದಂತೆ. 'ಫಾರ್ಮ್ಸ್' ಎಂಬ ಪದ ಹಾಕಿದರೆ ಎಫ್, ಆರ್, ಎಂ, ಎಸ್ ಎಂಬ ನಾಲ್ವರು ಅನುಮಾನಿತರನ್ನು ಒಂದೇ ಜೀಪಿನಲ್ಲಿ ಠಾಣೆಗೆ ಕರೆತಂದಂತೆ. ಆದರೆ ನಾನು ಜಂಬಕ್ಕಾಗಿ 'ಹಾರ್ಡ್ ಮೋಡ್' ಎಂಬ ಗುಂಡಿಯನ್ನು ಒತ್ತಿಟ್ಟಿದ್ದೆ. ಅಲ್ಲಿ ಒಮ್ಮೆ ಹಸಿರಾದ ಅಕ್ಷರವನ್ನು ಬಿಟ್ಟುಕೊಡುವಂತಿಲ್ಲ. ಕೇಳಿಸಿಕೊಳ್ಳುತ್ತಿದ್ದ ನನ್ನಾಕೆ ಅಡ್ಡಬಾಯಿ ಹಾಕಿದಳು: "ಆ ಮಹಾರಾಯ ತನ್ನವಳಿಗೋಸ್ಕರ ಆಟವನ್ನೇ ಕಟ್ಟಿದನಂತೆ. ನಿಮಗೆ ಒಂದು ಪಾತ್ರೆ ಹಾಲು ನೋಡಿಕೊಳ್ಳುವುದಕ್ಕಾಗಲಿಲ್ಲ."

ಅಂದಿನಿಂದ ನಾನು ಇಂಗ್ಲಿಷಿನ ಪದಗಳನ್ನು ಬಿಟ್ಟು ನಮ್ಮವುಗಳ ಕಡೆಗೆ ತಿರುಗಿದ್ದೇನೆ. 'ಸ್ತ್ರೀ' ಎಂಬುದು ನಮಗೆ ಒಂದೇ ಅಕ್ಷರ. ರೋಮನ್ ಲಿಪಿಯಲ್ಲಿ ಎಸ್, ಟಿ, ಆರ್, ಎರಡು ಇ ಎಂದು ಬಿಡಿಸಿದರೆ ಲೆಕ್ಕಕ್ಕೆ ಸರಿಯಾಗಿ ಐದು. ವರ್ಡಲ್ ಅದನ್ನು ಪದವೆಂದೇ ಒಪ್ಪಲಿಲ್ಲ. ನಾನು ತೀರ್ಥಹಳ್ಳಿ ಕಡೆಯವನಾದ್ದರಿಂದ ಮರುದಿನ ಅಡಿಕೆಯನ್ನು ಹಿಡಿದೆ. ನಮ್ಮ ಅಡಿಕೆ, ಮಲಯಾಳಿಗಳ ಅಡಯ್ಕ, ಪೋರ್ಚುಗೀಸರ ಬಾಯಿಗೆ ಬಿದ್ದು 'ಅರೆಕ' ಆಗಿ ಇಂಗ್ಲಿಷಿಗೆ ದಾಟಿದೆ. ಎಣಿಸಿದರೆ ಐದೇ ಅಕ್ಷರ. ಒತ್ತಿದೆ, ಮರುಮಾತಿಲ್ಲದೆ ಒಪ್ಪಿಕೊಂಡಿತು! ಹೆಮ್ಮೆಯಿಂದ ನನ್ನಾಕೆಯನ್ನು ಕರೆದು ತೋರಿಸುವಷ್ಟರಲ್ಲಿ ಮನೆಗಳು ಒಂದೊಂದಾಗಿ ಮಗುಚಿಕೊಂಡು, ಐದಕ್ಕೆ ಐದೂ ಬೂದು ಬಣ್ಣಕ್ಕೆ ತಿರುಗಿದವು. ಆಷಾಢದ ಮಳೆಗೆ ಕೊಳೆರೋಗ ಬಂದ ಗೊನೆಯ ಹಾಗೆಯೇ ಕಾಣುತ್ತಿತ್ತು.

ಅವಳು ಕನ್ನಡಕ ಸರಿಮಾಡಿಕೊಂಡು ನೋಡಿ, "ಮಳೆ ಹಿಡಿಯುವ ಮೊದಲೇ ಬೋರ್ಡೋ ಔಷಧಿ ಹೊಡೆಸಬೇಕಿತ್ತು" ಎಂದು ಹೇಳಿ, ಹಾಲು ಕಾಯಿಸಲು ತಾನೇ ಒಳಗೆ ಹೋದಳು.