ಆರು ವ್ಯಾಟಿನ ಪಿಯಾನೋ, ಐದು ಸಾವಿರ ವ್ಯಾಟಿನ ಆಸೆ

ಯಮಹಾ ಪಿ-45 ಡಿಜಿಟಲ್ ಪಿಯಾನೋದ ಹೊಟ್ಟೆಯಲ್ಲಿರುವುದು ತಲಾ 6 ವ್ಯಾಟಿನ ಎರಡು ಸ್ಪೀಕರ್. ರೋಲ್ಯಾಂಡ್ ಎಫ್‌ಪಿ-10ರದೂ ಅದೇ ಕಥೆ. ಎದುರಿಗೆ ಕೂತು ನುಡಿಸುವವರಿಗೆ ಅದು ಧಾರಾಳ ಸಾಕು. ಆದರೆ ಮನೆಯಲ್ಲಿ ಒಂದು ನಾಮಕರಣ ಏರ್ಪಾಡಾಗಿ, "ನಮ್ಮ ಹುಡುಗಿ ಪಿಯಾನೋ ನುಡಿಸ್ತಾಳೆ" ಎಂದು ಸಭೆಗೆ ಘೋಷಣೆಯೂ ಆಗಿ, ಹುಡುಗಿ ಶುರು ಮಾಡಿದಾಗ ಮೂರನೇ ಸಾಲಿನ ಕುರ್ಚಿಗೆ ತಲುಪುವುದು ಅಡುಗೆಯವರ ಸೌಟಿನ ಸದ್ದು ಮಾತ್ರ. ಅಂದು ರಾತ್ರಿಯೇ ಮನೆಯ ಹಿರಿಯರು ತೀರ್ಮಾನಿಸುತ್ತಾರೆ: ದೊಡ್ಡ ಸ್ಪೀಕರ್ ಬೇಕು. ಎಷ್ಟು ದೊಡ್ಡದು? ಡಬ್ಬದ ಮೇಲೆ ಎಷ್ಟು ಸೊನ್ನೆ ಹಿಡಿಸುತ್ತದೋ ಅಷ್ಟು.

ಹೀಗೆ ಮನೆಗೆ ಬರುವುದು "5000 ವ್ಯಾಟ್ ಪಿಎಂಪಿಒ" (ಜಾಹೀರಾತಿಗೆಂದೇ ಉಬ್ಬಿಸಿದ ಅಂಕಿ) ಎಂದು ಬರೆದ ಪೆಟ್ಟಿಗೆ. ಅದರ ಅಡಾಪ್ಟರ್ ತಿರುಗಿಸಿ ನೋಡಿದರೆ 12 ವೋಲ್ಟ್, 2 ಆಂಪಿಯರ್ ಅಂತಿರುತ್ತದೆ. ಗುಣಿಸಿದರೆ 24 ವ್ಯಾಟ್. 24 ಒಳಗೆ ಹೋಗಿ 5000 ಹೊರಗೆ ಬರುವುದು ನಿಜವಾಗಿದ್ದರೆ ಶರಾವತಿಯ ಟರ್ಬೈನುಗಳಿಗೆ ಎಂದೋ ರಜೆ ಕೊಡಬಹುದಿತ್ತು. ನೋಡಬೇಕಾದದ್ದು ಆರ್‌ಎಂಎಸ್ ಅಂಕಿ, ಅಂದರೆ ಸತತವಾಗಿ ಕೊಡಬಲ್ಲ ವ್ಯಾಟ್. ಅದೂ ಅಷ್ಟೇ, ವ್ಯಾಟ್ ದುಪ್ಪಟ್ಟಾದರೆ ಸದ್ದು ಏರುವುದು ಬರೀ 3 ಡೆಸಿಬೆಲ್. ಕಿವಿಗೆ "ಎರಡು ಪಟ್ಟು ಜೋರು" ಅನ್ನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ 50 ವ್ಯಾಟೋ 70 ವ್ಯಾಟೋ ಎಂದು ಅಂಗಡಿಯಲ್ಲಿ ಅರ್ಧ ಗಂಟೆ ಚೌಕಾಸಿ ಮಾಡುವುದು ಒಂದೂವರೆ ಡೆಸಿಬೆಲ್ಲಿನ ಜಗಳ.

ಕೆಲವರು ದುಡ್ಡು ಬಿಚ್ಚದೆ ಮನೆಯಲ್ಲಿದ್ದದ್ದಕ್ಕೇ ಸಿಕ್ಕಿಸುತ್ತಾರೆ. ಮಗನ ಗಿಟಾರ್ ಆಂಪ್ ಮೊದಲ ಬಲಿ. ಗಿಟಾರ್ ಸ್ಪೀಕರು 5000 ಹರ್ಟ್ಸ್ (ಸೆಕೆಂಡಿಗೆ 5000 ಕಂಪನ) ಆಸುಪಾಸಿನಲ್ಲೇ ಕೈಚೆಲ್ಲುತ್ತದೆ, ಅದಕ್ಕಿಂತ ಮೇಲಿನ ಸ್ವರಗಳಿಗೆ ಬೇಕಾದ ಪುಟ್ಟ ಸ್ಪೀಕರು, ಅಂದರೆ ಟ್ವೀಟರ್, ಇರುವುದಿಲ್ಲ, ಸ್ವರಕ್ಕೆ ತನ್ನದೇ ಬಣ್ಣ ಬಳಿಯುವುದೇ ಅದರ ಕಸುಬು. ಪಿಯಾನೋ ಕಂಬಳಿ ಹೊದ್ದು ಮಲಗಿದಂತೆ ಕೇಳುತ್ತದೆ. ಶಾಮಿಯಾನದವರ ಹಾರ್ನ್ ಅದಕ್ಕಿಂತ ಒಂದು ಕೈ ಮೇಲು: ಸುಮಾರು 300 ಹರ್ಟ್ಸ್‌ಗಿಂತ ಕೆಳಗೆ ಅದಕ್ಕೆ ಹೆಚ್ಚೇನೂ ಗೊತ್ತಿಲ್ಲ. ಪಿಯಾನೋದ ನಟ್ಟನಡುವಿನ ಸಿ ಸ್ವರವೇ 262 ಹರ್ಟ್ಸ್. ಅಂದರೆ ಎಡಗೈ ಆಡಿದ್ದೆಲ್ಲ ಬಡಕಲಾಗಿ ಬರುತ್ತದೆ. ಅಜ್ಜನ ಕಾಲದ ಸ್ಟೀರಿಯೋ ಆಂಪ್ಲಿಫೈಯರ್ ಒಳ್ಳೆಯ ಆಯ್ಕೆಯೇ, ಆದರೆ ಹಿಂಭಾಗದಲ್ಲಿ "ಫೋನೋ" ಎಂದು ಬರೆದ ತೂತಿಗೆ ಹಾಕಬೇಡಿ. ಅದು ಗ್ರಾಮಫೋನ್ ತಟ್ಟೆಯ ಸೂಕ್ಷ್ಮ ಸಂಕೇತಕ್ಕಾಗಿ ಇರುವುದು. ಪಿಯಾನೋ ಕೊಟ್ಟರೆ ಬೇಸ್ ಉಬ್ಬಿ, ಸ್ವರ ಹರಿದು ಚಿಂದಿಯಾಗುತ್ತದೆ. ಪಕ್ಕದ "ಆಕ್ಸ್" ತೂತು ಸುಮ್ಮನೆ ಖಾಲಿ ಕೂತಿರುತ್ತದೆ.

ನನ್ನನ್ನು ಕೇಳಿದರೆ ಮನೆಯೊಳಗೆ ನುಡಿಸುವವರಿಗೆ ಒಂದು ಜೊತೆ ಸ್ಟುಡಿಯೋ ಮಾನಿಟರ್ (ಸ್ವರಕ್ಕೆ ಬಣ್ಣ ಬಳಿಯದೆ ಇದ್ದದ್ದನ್ನು ಇದ್ದಂತೆ ಕೇಳಿಸುವ ಸ್ಪೀಕರ್) ಸಾಕು. 5 ಇಂಚಿನದಾಗಲಿ. ಯಮಹಾ ಎಚ್‌ಎಸ್5 ಕೆಳಗೆ 54 ಹರ್ಟ್ಸ್‌ವರೆಗೆ ಇಳಿಯುತ್ತದೆ, ಜೆಬಿಎಲ್ 305ಪಿ 43ರವರೆಗೆ. "ಪಿಯಾನೋದ ಎಡತುದಿಯ ಮನೆ (ಕೀ) 27.5 ಹರ್ಟ್ಸ್ ಅಲ್ಲವೇ, ಅದು ಕೇಳಿಸೋದೇ ಇಲ್ವಾ?" ಎಂದು ಲೆಕ್ಕ ಬಲ್ಲವರು ತಕರಾರು ತೆಗೆಯುತ್ತಾರೆ. ಅಸಲಿ ಪಿಯಾನೋದಲ್ಲೂ ಆ ಮೂಲಸ್ವರ ದುರ್ಬಲವೇ. ಮೇಲಿನ ಉಪಸ್ವರಗಳನ್ನು ಕೇಳಿ ಮಿದುಳು ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ. ತಗ್ಗಿನ ಸ್ವರಕ್ಕೆಂದೇ ಇರುವ ಸಬ್‌ವೂಫರ್ ಪೆಟ್ಟಿಗೆಯ ದುಡ್ಡು ಉಳಿಯಿತು.

ಹೊರಗೆ ಕಾರ್ಯಕ್ರಮ ಕೊಡುವವರಿಗಾದರೆ ಕೀಬೋರ್ಡ್ ಆಂಪ್, ರೋಲ್ಯಾಂಡ್ ಕೆಸಿ ಸರಣಿಯಂಥದ್ದು. ಗಟ್ಟಿಮುಟ್ಟು, ಒಂದೇ ಕೈಯಲ್ಲಿ ಎತ್ತಬಹುದು ಎಂದು ಅಂಗಡಿಯವರು ಹೇಳುತ್ತಾರೆ, ಎತ್ತುವವರು ಹೇಳುವುದಿಲ್ಲ. ಇವುಗಳಲ್ಲಿ ಬಹುಪಾಲು ಮೋನೋ, ಅಂದರೆ ಎಡ-ಬಲ ಎರಡನ್ನೂ ಬೆರೆಸಿ ಒಂದೇ ಮಾಡಿ ನುಡಿಸುವಂಥವು. ಡಿಜಿಟಲ್ ಪಿಯಾನೋದೊಳಗಿನ ಸ್ವರವನ್ನು ಸಾಮಾನ್ಯವಾಗಿ ಅಸಲಿ ಪಿಯಾನೋದಿಂದ ಎಡಕ್ಕೊಂದು ಬಲಕ್ಕೊಂದು ಮೈಕಿನಲ್ಲಿ ಹಿಡಿದಿರುವುದರಿಂದ ಎರಡನ್ನೂ ಒಂದಕ್ಕೆ ಸುರಿದಾಗ ಕೆಲವು ಕಂಪನಗಳು ಒಂದನ್ನೊಂದು ಹೊಡೆದುಹಾಕಿ ಸ್ವರ ತೆಳುವಾಗುತ್ತದೆ. ಅದು ಆಂಪಿನ ದೋಷವಲ್ಲ. ಪಿಯಾನೋದಲ್ಲಿ ಮೋನೋಗೆಂದೇ ಬೇರೆ ಧ್ವನಿ ಇದೆಯೇ ಎಂದು ಮೊದಲು ಹುಡುಕಿ.

ನಿಜವಾದ ಅವಾಂತರ ಇರುವುದು ತೂತಿನಲ್ಲಿ. ಪಿ-45, ಎಫ್‌ಪಿ-10 ಎರಡರಲ್ಲೂ ಲೈನ್ ಔಟ್ (ಹೊರಗಿನ ಸ್ಪೀಕರಿಗೆ ಸ್ವರ ಕೊಡಲೆಂದೇ ಇರುವ ತೂತು) ಇಲ್ಲ, ಇರುವುದು ಹೆಡ್‌ಫೋನ್ ತೂತು ಮಾತ್ರ. ಪಿ-125, ಎಫ್‌ಪಿ-30ಎಕ್ಸ್‌ಗಳಲ್ಲಿ ಲೈನ್ ಔಟ್ ಉಂಟು. ಹೆಡ್‌ಫೋನ್ ತೂತಿನಿಂದ ಸ್ಪೀಕರಿಗೆ ಕೊಡಬಹುದು, ತಪ್ಪೇನಿಲ್ಲ. ಆದರೆ ಸ್ಟೀರಿಯೋ ಪಿನ್ನಿನ ಕೇಬಲನ್ನು ನೇರ ಮಾನಿಟರಿನ ಬ್ಯಾಲೆನ್ಸ್ಡ್ ತೂತಿಗೆ (ಎರಡು ತಂತಿಗಳ ಸಂಕೇತದ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುವ ತೂತು) ಚುಚ್ಚಿದರೆ, ಆ ಸ್ಪೀಕರ್ ಎಡದಿಂದ ಬಲವನ್ನು ಕಳೆದು ಉಳಿದದ್ದನ್ನು ನುಡಿಸುತ್ತದೆ. ಎರಡೂ ಕಡೆ ಸಮನಾಗಿದ್ದದ್ದೆಲ್ಲ ಸೊನ್ನೆ. ನಡುವಣ ಸ್ವರಗಳು ಬಾವಿಗೆ ಬಿದ್ದು, ಪ್ರತಿಧ್ವನಿ ಮಾತ್ರ ದಡದಲ್ಲಿ ನಿಂತು ಅಳುತ್ತದೆ. ಸ್ಪೀಕರ್ ಹಾಳೆಂದು ವಾಪಸ್ ಕಳಿಸುವವರಲ್ಲಿ ಹಲವರ ಕೇಸು ಇದೇ ಇರುತ್ತದೆ.

ಪಿನ್ನನ್ನು ಕಣ್ಣ ಹತ್ತಿರ ಹಿಡಿದು ನೋಡಿ. ಕಪ್ಪು ಗೆರೆ ಒಂದಿದ್ದರೆ ಮೋನೋ, ಎರಡಿದ್ದರೆ ಸ್ಟೀರಿಯೋ. ನಿಮಗೆ ಬೇಕಾದದ್ದು ಒಂದು ತುದಿಯಲ್ಲಿ ಎರಡು ಗೆರೆಯ ಪಿನ್ನು ಒಂದು, ಇನ್ನೊಂದು ತುದಿಯಲ್ಲಿ ಒಂದು ಗೆರೆಯ ಪಿನ್ನು ಎರಡು ಇರುವ ವೈ ಕೇಬಲ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ "ಸ್ಟೀರಿಯೋ ಟು ಟೂ ಮೋನೋ" ಅಂದರೆ ಸಾಕು. ಹೆಡ್‌ಫೋನ್ ತೂತು ಪಿ-45ರಲ್ಲಿ 6.3 ಮಿಲಿಮೀಟರ್, ಎಫ್‌ಪಿ-10ರಲ್ಲಿ 3.5. ಅಳತೆ ಹೇಳದೆ ಹೋದವರು ಎರಡನೇ ಸಲ ಹೋಗುತ್ತಾರೆ. ಪಿಯಾನೋದ ವಾಲ್ಯೂಮನ್ನು ಮುಕ್ಕಾಲಿಗೆ ಇಟ್ಟು ಸ್ಪೀಕರನ್ನು ಸೊನ್ನೆಯಿಂದ ಏರಿಸಿ. ಆನ್ ಮಾಡುವಾಗ ಸ್ಪೀಕರ್ ಕೊನೆಗೆ, ಆಫ್ ಮಾಡುವಾಗ ಮೊದಲಿಗೆ.

ಬ್ಲೂಟೂತ್ ಇದೆಯಲ್ಲ, ಕೇಬಲ್ ಯಾಕೆ ಅನ್ನುವವರಿಗೆ ಎರಡು ಕೆಟ್ಟ ಸುದ್ದಿ. ಪಿಯಾನೋಗಳ ಬ್ಲೂಟೂತ್ ಆಡಿಯೋ ಸಾಮಾನ್ಯವಾಗಿ ಒಳಗೆ ಬರುವ ದಾರಿ: ಫೋನಿನ ಹಾಡು ಪಿಯಾನೋದಲ್ಲಿ ಕೇಳುತ್ತದೆ, ಪಿಯಾನೋದ ಸ್ವರ ಹೊರಗೆ ಹೋಗುವುದಿಲ್ಲ. ಬೇರೆ ಟ್ರಾನ್ಸ್‌ಮಿಟರ್ ಹಾಕಿ ಕಳಿಸಿದರೂ ಸುಮಾರು 200 ಮಿಲಿಸೆಕೆಂಡ್ ತಡವಾಗಬಹುದು. ಗಾಳಿಯಲ್ಲಿ ಶಬ್ದ ಅಷ್ಟು ಹೊತ್ತಿಗೆ 68 ಮೀಟರ್ ಹೋಗಿರುತ್ತದೆ. ಪಿಯಾನೋ ಹಾಲಿನಲ್ಲಿ, ಸ್ಪೀಕರ್ ಹಿಂದಿನ ಬೀದಿಯಲ್ಲಿ ಇಟ್ಟ ಲೆಕ್ಕ.

ಲ್ಯಾಪ್‌ಟಾಪನ್ನೂ ಯುಎಸ್‌ಬಿಯಲ್ಲಿ ಜೋಡಿಸಿದ ದಿನ ಸ್ಪೀಕರಿನಿಂದ "ಗುಂಯ್" ಶುರುವಾಗುತ್ತದೆ. ಬಿಟ್ಟಿ ಶ್ರುತಿಪೆಟ್ಟಿಗೆ ಸಿಕ್ಕಿತೆಂದು ಹಿಗ್ಗಬೇಡಿ: ಕರೆಂಟಿನದು 50 ಹರ್ಟ್ಸ್, ಹತ್ತಿರದ ಜಿ ಸ್ವರ 49. ಅಪಶ್ರುತಿ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ, ಎರಡು ಅರ್ಥಿಂಗ್ ದಾರಿಗಳು ಕೇಬಲ್ ಮೂಲಕ ಸೇರಿ ಸುತ್ತು ಹಾಕಿವೆ ಎಂದರ್ಥ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಆದರೂ ಹೋಗದಿದ್ದರೆ ಆಡಿಯೋ ಕೇಬಲಿನ ನಡುವೆ, ಸ್ವರವನ್ನು ಬಿಟ್ಟು ಆ ಸುತ್ತನ್ನು ಕಡಿಯುವ ಡಿಐ ಬಾಕ್ಸೋ ಐಸೊಲೇಷನ್ ಟ್ರಾನ್ಸ್‌ಫಾರ್ಮರೋ ಇಡಿ. ಪ್ಲಗ್ಗಿನ ಮೂರನೇ ಕಡ್ಡಿ ಮುರಿಯುವ ನೆರೆಮನೆಯ ತಜ್ಞರನ್ನು ಕಾಫಿ ಕೊಟ್ಟು ಸಾಗಹಾಕಿ. ಅದನ್ನು ಮುರಿದರೆ ಶಾಕ್ ಹೊಡೆಯುವುದು ನಿಮಗೆ.

ಇನ್ನು ಕೋಣೆ. ಬಾಡಿಗೆ ಮನೆಯ ಹತ್ತಡಿ-ಹತ್ತಡಿ ರೂಮು ಸಂಗೀತಕ್ಕೆ ಶತ್ರು. ಹತ್ತು ಅಡಿ ಅಂತರದ ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್‌ನ ಅಲೆ ನೆಲೆನಿಲ್ಲುತ್ತದೆ, ಉದ್ದ-ಅಗಲ ಒಂದೇ ಆದ್ದರಿಂದ ಕಾಟ ಇಮ್ಮಡಿ. ಎಡದಿಂದ ಕಪ್ಪು-ಬಿಳಿ ಎಲ್ಲ ಸೇರಿಸಿ 13ನೇ ಮನೆ 55 ಹರ್ಟ್ಸ್. ಆ ಒಂದೇ ಮನೆ ಕೋಣನ ಹಾಗೆ ಕೂಗುತ್ತದೆ. ಗೋಡೆಗೆ ಅಂಟಿ ಕೂತವರಿಗೆ ಕಿವಿಗಡಚಿಕ್ಕು, ನಡುಕೋಣೆಯಲ್ಲಿ ನಿಂತವರಿಗೆ ಏನೂ ಇಲ್ಲ. ಒಬ್ಬರು ಗೋಡೆ ಬಳಿ, ಒಬ್ಬರು ನಡುವೆ ನಿಂತು ಜಗಳವಾಡುವ ಗಂಡ-ಹೆಂಡಿರಲ್ಲಿ ಇಬ್ಬರೂ ಸರಿ. ಸ್ಪೀಕರನ್ನು ಗೋಡೆಯಿಂದ ಒಂದಡಿಯಾದರೂ ಮುಂದಕ್ಕೆಳೆಯಿರಿ, ಮೂಲೆ ಬಿಡಿ, ಟ್ವೀಟರ್ ಕಿವಿಯ ಮಟ್ಟಕ್ಕೆ ಬರಲಿ. ಎಚ್‌ಎಸ್5ರ ಬೆನ್ನಲ್ಲಿ "ರೂಮ್ ಕಂಟ್ರೋಲ್" ಎಂಬ ಪುಟ್ಟ ಸ್ವಿಚ್ಚಿದೆ, ಬೇಸ್ ತಗ್ಗಿಸಲು ಅದನ್ನು −2ಕ್ಕೋ −4ಕ್ಕೋ ತಳ್ಳಿ.

ಬೀರುವಿನ ಮೇಲಂತೂ ಸ್ಪೀಕರ್ ಬೇಡ. ಬೇರೆಡೆ ಇಟ್ಟಾಗಲೂ ಎಲ್ಲೋ "ಝಿರ್" ಅನ್ನುತ್ತಿದ್ದರೆ, ಒಬ್ಬರು ಎಡತುದಿಯಿಂದ ಒಂದೊಂದೇ ಮನೆ ನಿಧಾನ ಒತ್ತುತ್ತಾ ಬರಲಿ, ಇನ್ನೊಬ್ಬರು ಅಂಗೈಯಲ್ಲಿ ಸಾಮಾನುಗಳನ್ನು ಒಂದೊಂದಾಗಿ ಅದುಮುತ್ತಾ ಹೋಗಲಿ. ಅಪರಾಧಿ ಹೆಚ್ಚಾಗಿ ಶೋಕೇಸಿನ ಗಾಜು, ಇಲ್ಲವೇ ಬೀರು ಬಾಗಿಲಿಗೆ ನೇತಾಡುವ ಬೀಗದ ಕೈ ಗೊಂಚಲು.

ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಿತಿ 45 ಡೆಸಿಬೆಲ್ ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಹೆಡ್‌ಫೋನ್ ಹಾಕಿದರೆ ಮುಗಿಯಿತಲ್ಲ ಅಂದುಕೊಳ್ಳುತ್ತೀರಿ. ಪಿಯಾನೋದ ತೂಕದ ಕೀಗಳು ತಳಕ್ಕೆ ಬಡಿಯುವ ಪೆಟ್ಟು ಸ್ಟ್ಯಾಂಡಿನ ಕಾಲಿನಿಂದ ನೆಲಕ್ಕಿಳಿದು ಕೆಳಮನೆಯ ತಾರಸಿಯಲ್ಲಿ ಮೊಳಗುತ್ತದೆ, ರಾಗವಿಲ್ಲದ ಬರೀ ದಡ್ ದಡ್. ಬೆಳಗ್ಗೆ ಮೆಟ್ಟಿಲಲ್ಲಿ ಸಿಕ್ಕವರು "ರಾತ್ರಿ ಹನ್ನೊಂದಕ್ಕೆ ಏನ್ರೀ ಕುಟ್ತಾ ಇದ್ರಿ?" ಎಂದು ವಿಚಾರಿಸಿಕೊಳ್ಳುತ್ತಾರೆ. ದಪ್ಪ ರಬ್ಬರ್ ಮ್ಯಾಟು, ಅದರ ಮೇಲೆ ಪ್ಲೈವುಡ್ ಹಲಗೆ, ಅದರ ಮೇಲೆ ಸ್ಟ್ಯಾಂಡು. ವಾಷಿಂಗ್ ಮಷೀನಿನ ಕಾಲಡಿಗೆ ಇಡುವ ರಬ್ಬರ್ ಬಿಲ್ಲೆಗಳೂ ನಡೆಯುತ್ತವೆ. ಪೆಡಲ್ ತುಳಿಯುವ ಕಾಲಿನ ಕೆಳಗೂ ಒಂದು ತುಂಡು ಮ್ಯಾಟು ಹಾಕಿ. ಅದೂ ಕೆಳಗೆ ಕೇಳುತ್ತದೆ.