ಇದರಲ್ಲಿ ಪರ್ಚೇಸ್ ಯಾವುದ್ರೀ?

ತಿಂಗಳ 20ನೇ ತಾರೀಖು ಅಂದರೆ ಏನು ಅಂತ ಅಕೌಂಟ್ಸ್‌ನವರಿಗೆ ಬಿಡಿಸಿ ಹೇಳಬೇಕಿಲ್ಲ. ಜಿಎಸ್‌ಟಿಆರ್-3ಬಿ, ಅಂದರೆ ತಿಂಗಳ ಜಿಎಸ್‌ಟಿ ರಿಟರ್ನ್, ಹಾಕಲು ಕೊನೆಯ ದಿನ. ಅಂಥ ದಿನ ಊಟದ ಹೊತ್ತಿಗೆ ಸರಿಯಾಗಿ ನಮ್ಮ ರಾಯರ ಕಂಪ್ಯೂಟರಿನಲ್ಲಿ ನಾಲ್ಕು ಎಕ್ಸೆಲ್ ಓಡುತ್ತಿದ್ದವು. ಅದರಲ್ಲಿ ಒಂದು ಹ್ಯಾಂಗ್ ಆಯಿತು. ನನಗಿನ್ನೂ ಸಿಟ್ಟು ಇಳಿದಿಲ್ಲ.

ನಾಲ್ಕು ತೆರೆದಿಡುವುದು ತಪ್ಪೇನಲ್ಲ. ನೀವೂ ಇಟ್ಟಿರ್ತೀರಿ, ಅಲ್ವಾ? ಆದರೆ ಸ್ಕ್ರೀನಿನ ಕೆಳಗೆ ಎಲ್ಲ ಸೇರಿ ಒಂದೇ ಹಸಿರು ಐಕಾನ್. ಮೌಸ್ ಒಯ್ದರೆ ನಾಲ್ಕು ಪುಟ್ಟ ಚಿತ್ರ ಏಳುತ್ತವೆ, ನಾಲ್ಕರಲ್ಲೂ ಅವೇ ಬಿಳಿ ಚೌಕಗಳು. ಮೇಲೆ ಹೆಸರಿರುತ್ತದೆ, ನಿಜ. ರಾಯರು ಪ್ರತಿ ಫೈಲಿಗೂ ‘ಜಿಎಸ್‌ಟಿ ವರ್ಕಿಂಗ್ ಫೈನಲ್ ನ್ಯೂ’ ಎಂದು ಶುರು ಮಾಡಿ, ಸೇಲ್ಸೋ ಪರ್ಚೇಸೋ ಎಂಬುದನ್ನು ತುದಿಗೆ ಬರೆಯುತ್ತಾರೆ. ಆ ತುದಿ ಬರುವಷ್ಟರಲ್ಲಿ ಜಾಗ ಮುಗಿದು ಮೂರು ಚುಕ್ಕಿ ಬಿದ್ದಿರುತ್ತದೆ.

ಒಂದೊಂದಕ್ಕೂ ಬೇರೆ ಬಟನ್ ಇಟ್ಟುಕೊಳ್ಳುವ ಸೌಲಭ್ಯ ಮೊದಲು ಇತ್ತು. 2021ರಲ್ಲಿ ವಿಂಡೋಸ್ 11 ಬಂದಾಗ ಅದನ್ನು ತೆಗೆದರು, ಜನ ಬೈದ ಮೇಲೆ 2023ರಲ್ಲಿ ವಾಪಸ್ ಕೊಟ್ಟರು. ನಾನೇ ರಾಯರಿಗೆ ಹಾಕಿಕೊಟ್ಟೆ. ಮರುದಿನ ನೋಡಿದರೆ ಮತ್ತೆ ಒಂದೇ ಐಕಾನ್. “ಗಿಜಿಗಿಜಿ ಅನ್ಸುತ್ತೆ ಕಣಮ್ಮಾ” ಅಂದರು.

ಇದಕ್ಕೂ ಹಿಂದೆ ಇನ್ನೊಂದು ಕಥೆ. ಎಷ್ಟು ಫೈಲ್ ತೆರೆದರೂ ಎಕ್ಸೆಲ್ ಸಾಮಾನ್ಯವಾಗಿ ಒಳಗೆ ಒಂದೇ. ಮಾಡಿದ್ದನ್ನು ಹಿಂದಕ್ಕೆ ತೆಗೆಯುವ ಕಂಟ್ರೋಲ್ ಝಡ್ ಕೂಡ ಎಲ್ಲಕ್ಕೂ ಸೇರಿ ಒಂದೇ. ರಾಯರು ಸೇಲ್ಸ್ ಹಾಳೆಯಲ್ಲಿ ಕೂತು ನಾಲ್ಕು ಸಲ ಒತ್ತಿದರು, ಪರ್ಚೇಸ್ ಹಾಳೆಯಲ್ಲಿ ಆಗಷ್ಟೇ ತುಂಬಿದ್ದ ಅಂಕಿ ಮಾಯ. ಸಿಸ್ಟಮ್ ನೋಡಿಕೊಳ್ಳುವ ಹುಡುಗ ಬಂದು ಉಪಾಯ ಹೇಳಿಕೊಟ್ಟ. ಆಲ್ಟ್ ಕೀ ಹಿಡಿದುಕೊಂಡು ಎಕ್ಸೆಲ್ ತೆರೆದರೆ, ಹೊಸದಾಗಿ ಇನ್ನೊಂದು ಶುರು ಮಾಡಲೇ ಅಂತ ಅದೇ ಕೇಳುತ್ತದೆ. ಹೂಂ ಅಂದರೆ ಪ್ರತ್ಯೇಕ ಎಕ್ಸೆಲ್. ರಾಯರು ನಾಲ್ಕಕ್ಕೂ ಹೂಂ ಅಂದರು. ಪಾಲಾದ ಅಣ್ಣತಮ್ಮಂದಿರ ಹಾಗೆ ಈಗ ಅವು ಒಂದಕ್ಕೊಂದು ಮಾತಾಡುವುದಿಲ್ಲ. ಒಂದರಲ್ಲಿ ವಿ-ಲುಕಪ್ (ಬೇರೆ ಪಟ್ಟಿಯಿಂದ ಅಂಕಿ ಹುಡುಕಿ ತರುವ ಸೂತ್ರ) ಬರೆಯುತ್ತಾ ಇನ್ನೊಂದರ ಕಾಲಮ್ ಮೇಲೆ ಕ್ಲಿಕ್ ಮಾಡಿದರೆ ಏನೂ ಬರುವುದಿಲ್ಲ.

ಅವತ್ತು ಹ್ಯಾಂಗ್ ಆದದ್ದು ಪರ್ಚೇಸ್. ರಾಯರು ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ನೇರವಾಗಿ ‘ಡೀಟೇಲ್ಸ್’ಗೆ ಹೋದರು. ಇದೂ ಆ ಹುಡುಗನೇ ಕಲಿಸಿದ್ದು. ಅಲ್ಲಿ ಎಕ್ಸೆಲ್ ಡಾಟ್ ಇಎಕ್ಸ್‌ಇ ಎಂಬ ನಾಲ್ಕು ಸಾಲು. ಹೆಸರು ಒಂದೇ, ಪಕ್ಕದ ಪಿಐಡಿ, ಅಂದರೆ ಓಡುವ ಪ್ರತಿಯೊಂದಕ್ಕೂ ವಿಂಡೋಸ್ ಕೊಡುವ ಗುರುತಿನ ನಂಬರ್, ಮಾತ್ರ ಬೇರೆ ಬೇರೆ.

“ಇದರಲ್ಲಿ ಪರ್ಚೇಸ್ ಯಾವುದ್ರೀ?” ಅಂತ ಇಡೀ ಸೆಕ್ಷನ್ನಿಗೆ ಕೇಳಿದರು. ಯಾರಿಗೆ ಗೊತ್ತು? “ಮೆಮೊರಿ ಜಾಸ್ತಿ ತಿಂತಿರೋದೇ ಇರ್ಬೇಕು” ಎಂದು ತಾವೇ ತೀರ್ಪು ಕೊಟ್ಟು, ನಾನು ಬೇಡ ಸರ್ ಅನ್ನುವುದರೊಳಗೆ ಎಂಡ್ ಟಾಸ್ಕ್ ಒತ್ತಿದರು. ಹೋದದ್ದು ಬ್ಯಾಂಕ್ ರಿಕನ್ಸಿಲಿಯೇಶನ್, ಅಂದರೆ ಬ್ಯಾಂಕಿನ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ತಾಳೆ ಹಾಕಿದ ಹಾಳೆ. ಬೆಳಗ್ಗಿನಿಂದ ಅವರ ಸೀಟಿನಲ್ಲೇ ಕೂತು ನಾನು ಹೊಂದಿಸಿದ್ದು. ಆಟೊ ರಿಕವರ್ ಒಂದಿಷ್ಟು ಉಳಿಸಿಕೊಟ್ಟಿತು ಅನ್ನಿ. ಪರ್ಚೇಸ್ ಮಾತ್ರ ಹ್ಯಾಂಗ್ ಆಗಿಯೇ ಕೂತಿತ್ತು.

ಸಂಜೆ ರಾಯರು ಹಳದಿ ಚೀಟಿ ತಂದರು. 7432 ಸೇಲ್ಸ್, 9116 ಪರ್ಚೇಸ್ ಎಂದು ಪಿಐಡಿಗಳನ್ನು ದುಂಡಗೆ ಬರೆದು ಮಾನಿಟರಿನ ಅಂಚಿಗೆ ಅಂಟಿಸಿದರು. “ನೋಡಿದೆಯಾ, ಎಲ್ಲವೂ ನಾಲ್ಕರಿಂದ ಭಾಗವಾಗುತ್ತೆ!” ಅಂದರು. ಹೌದು, ವಿಂಡೋಸ್ ಕೊಡುವ ಪಿಐಡಿಗಳು ಹಾಗೇ ಇರುತ್ತವೆ. ನಾನು ಇಷ್ಟು ವರ್ಷ ಗಮನಿಸಿರಲಿಲ್ಲ. ಮನಸ್ಸಿನಲ್ಲೇ ನಮಸ್ಕಾರ ಹಾಕಿದೆ. ಮರುದಿನ ಕಂಪ್ಯೂಟರ್ ಮತ್ತೆ ಆನ್ ಮಾಡಿದಾಗ ನಂಬರುಗಳೆಲ್ಲ ಬದಲಾಗಿದ್ದವು. ರಾಯರು ಚೀಟಿಯನ್ನೂ ಸ್ಕ್ರೀನನ್ನೂ ನೋಡುತ್ತಾ ಸುಮ್ಮನೆ ಕೂತರು.

ಅವರು ಕೆಲಸಕ್ಕೆ ಸೇರಿದ್ದು ಕೈಬರಹದ ಲೆಡ್ಜರ್ ಕಾಲದಲ್ಲಿ. ಯಾವ ಪುಸ್ತಕದ ರಟ್ಟು ಎಲ್ಲಿ ಕಿತ್ತಿದೆ, ಯಾವುದಕ್ಕೆ ಮಸಿ ಚೆಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದರಂತೆ. ಅದನ್ನು ಕೇಳಿದಾಗ ಒಂದು ಗಳಿಗೆ ಸಿಟ್ಟು ಮರೆತೇಹೋಯಿತು.

ಈಗ ಹೊಸ ವಿಧಾನ ಬಂದಿದೆ. ಇಡೀ ಹಾಳೆಗೆ ಬಣ್ಣ. ಸೇಲ್ಸ್ ಗಿಳಿ ಹಸಿರು, ಪರ್ಚೇಸ್ ಪಿಂಕ್. ಪುಟ್ಟ ಚಿತ್ರದಲ್ಲೂ ಗೊತ್ತಾಗುತ್ತೆ, ಒಪ್ಪಬೇಕಾದ್ದೇ. ಫೈಲ್ ಹಾಗೇ ಆಡಿಟರ್‌ಗೆ ಹೋಗಿದೆ. ಇವತ್ತು ಅಲ್ಲಿಂದ ಫೋನ್ ಬಂತು, ಸ್ಪೀಕರ್ ಹಾಕಿದ್ದರು.

“ರಾಯರೇ, ಪಿಂಕ್ ಮಾಡಿದ್ದೀರಲ್ಲ, ಅಷ್ಟೂ ಎಂಟ್ರಿಯಲ್ಲಿ ತಪ್ಪಿದೆಯಾ?”

“ಇಲ್ಲ ಸರ್. ಪಿಂಕ್ ಅಂದ್ರೆ ಪರ್ಚೇಸು.”